ಅರ್ಥಶಾಸ್ತ್ರದಲ್ಲಿ ಮುಂದೆ ಯಾವ ಪೇಪರ್ ತಗೊಳ್ಳಲಿ?

ಪ್ರಶ್ನೆ: ಸರ್, ನಾನು ದಾವಣಗೆರೆಯಲ್ಲಿ ಅರ್ಥಶಾಸ್ತ್ರ ಎಂ.ಎ. ಓದುತ್ತಿದ್ದೇನೆ. ಮೈಕ್ರೋ, ಮ್ಯಾಕ್ರೋ ಎರಡೂ ಮುಗಿದಿವೆ. ಮುಂದಿನ ಸೆಮಿಸ್ಟರ್‌ಗೆ ಐಚ್ಛಿಕ ಪೇಪರ್ ಆರಿಸಬೇಕು. ಪಟ್ಟಿಯಲ್ಲಿ ಕೃಷಿ ಅರ್ಥಶಾಸ್ತ್ರ, ಸಾರ್ವಜನಿಕ ಹಣಕಾಸು, ಅಂತರರಾಷ್ಟ್ರೀಯ ವ್ಯಾಪಾರ, ಕೈಗಾರಿಕಾ ಅರ್ಥಶಾಸ್ತ್ರ, ಎಕನಾಮೆಟ್ರಿಕ್ಸ್ ಇವೆ. ಸೀನಿಯರ್‌ಗಳು "ಸ್ಕೋರಿಂಗ್ ಪೇಪರ್ ತಗೋ, ಸುಮ್ನೆ ತಲೆ ಕೆಡಿಸ್ಕೋಬೇಡ" ಅನ್ನುತ್ತಾರೆ. ನಮ್ಮದು ಮೆಕ್ಕೆಜೋಳ ಬೆಳೆಯುವ ಮನೆ. ಒಂದೇ ದಿನ ದಾವಣಗೆರೆಯಲ್ಲಿ ಒಂದು ರೇಟು, ರಾಣೆಬೆನ್ನೂರಲ್ಲಿ ಇನ್ನೊಂದು ರೇಟು ಯಾಕೆ ಅನ್ನೋದು ನನ್ನ ತಲೆ ಕೊರೆಯುತ್ತಿರುತ್ತದೆ. ಆದರೆ ಪಿಯುಸಿಯಲ್ಲಿ ಆರ್ಟ್ಸ್ ಓದಿದ್ದು. ಗಣಿತ ಅಂದರೆ ಭಯ.
— ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ನಿಮ್ಮ ಆಸಕ್ತಿ ಏನು ಅಂತ ಕೇಳಿದರೆ ಜಾಸ್ತಿ ಜನ ಒಂದು ಪೇಪರಿನ ಹೆಸರು ಹೇಳುತ್ತಾರೆ. ನೀವು ಒಂದು ಪ್ರಶ್ನೆ ಬರೆದಿದ್ದೀರಿ. ಪೇಪರ್ ಆರಿಸುವವರಿಗೆ ಅದೇ ಮುಖ್ಯ. ಹೆಸರು ನೋಡಿ ಪೇಪರ್ ತಗೊಂಡವರು ಎರಡನೇ ಯೂನಿಟ್ ಹೊತ್ತಿಗೆ ಗೈಡಿಗೆ ಇಳಿಯುತ್ತಾರೆ. ಪ್ರಶ್ನೆ ಹಿಡಿದು ಹೋದವರು ಕ್ಲಾಸಿನಲ್ಲಿ ಮೇಷ್ಟ್ರಿಗೆ ತಿರುಗಿ ಕೇಳುತ್ತಾರೆ.

ನಿಮ್ಮ ಪ್ರಶ್ನೆಯನ್ನೇ ಸ್ವಲ್ಪ ಬಿಡಿಸೋಣ. ಎರಡು ಮಾರುಕಟ್ಟೆಯ ದರ ಬೇರೆ ಆಗಲು ಲಾರಿ ಬಾಡಿಗೆ ಒಂದು ಕಾರಣ. ಎಷ್ಟು ಜನ ಖರೀದಿದಾರರು ಬಂದಿದ್ದರು ಅನ್ನೋದು ಇನ್ನೊಂದು. ಕಾಳಿನ ಗುಣಮಟ್ಟ ಮತ್ತೊಂದು, ಅದರಲ್ಲೂ ತೇವಾಂಶ. ಕೊಯ್ಲಿನ ಸಮಯದಲ್ಲಿ ನಮ್ಮ ಕಡೆ ಅರ್ಧ ರಸ್ತೆಯೇ ಒಕ್ಕಣೆ ಕಣ ಆಗಿಬಿಡುತ್ತದೆ, ನೋಡಿದ್ದೀರಲ್ಲ? ಜನ ರಸ್ತೆ ಮೇಲೆ ಕಾಳು ಹರವುವುದು ಈ ತೇವಾಂಶಕ್ಕೆ ಹೆದರಿಯೇ.

ಬೆಂಬಲ ಬೆಲೆ ಖರೀದಿಯ ನಿಯಮದಲ್ಲಿ ಮೆಕ್ಕೆಜೋಳದ ತೇವಾಂಶ ಶೇ 14ರ ಒಳಗಿರಬೇಕು. ನಿಮ್ಮ ಕಾಳು ಮೀಟರಿನಲ್ಲಿ 18 ತೋರಿಸಿತು ಅಂದುಕೊಳ್ಳಿ. ಒಂದು ಕ್ವಿಂಟಾಲ್‌ನಲ್ಲಿ ನೀರು ಬಿಟ್ಟು ಉಳಿಯುವುದು 82 ಕಿಲೋ. ಅದನ್ನೇ 14ಕ್ಕೆ ಒಣಗಿಸಿದರೆ ತೂಕ ಸುಮಾರು 95.3 ಕಿಲೋ ಆಗುತ್ತದೆ. ದರ ಕ್ವಿಂಟಾಲ್‌ಗೆ 2,000 ರೂಪಾಯಿ ಇದ್ದರೆ ನೀರಿನ ಲೆಕ್ಕಕ್ಕೆ ನ್ಯಾಯವಾಗಿ ಕಳೆಯಬೇಕಾದ್ದು 93 ರೂಪಾಯಿ. ನಿಮ್ಮ ತಂದೆಗೆ 150 ಅಥವಾ 200 ಕಡಿಮೆ ಕೊಟ್ಟಿದ್ದರೆ ಉಳಿದ ದುಡ್ಡು ಎಲ್ಲಿ ಹೋಯಿತು? ಒಣಗಿಸುವ ಖರ್ಚಿಗಾ? ಕಾಳು ಬೂಸ್ಟು ಹಿಡಿಯುವ ಅಪಾಯಕ್ಕಾ? ಅಥವಾ ಕೊಳ್ಳುವವರು ಇಬ್ಬರೇ ಇದ್ದರು ಅನ್ನೋ ಕಾರಣಕ್ಕಾ? ಅರ್ಥಶಾಸ್ತ್ರದ ಕೆಲಸ ಶುರುವಾಗುವುದು ಇಲ್ಲಿಂದ.

ಈಗ ಪೇಪರ್‌ಗಳಿಗೆ ಬನ್ನಿ. ಎರಡು ಊರಿನ ದರ ಒಂದಕ್ಕೊಂದು ಹತ್ತಿರ ಬರುತ್ತದಾ ಇಲ್ಲವಾ ಅನ್ನೋದನ್ನು ಕೃಷಿ ಅರ್ಥಶಾಸ್ತ್ರದಲ್ಲಿ 'ಮಾರುಕಟ್ಟೆ ಏಕೀಕರಣ' ಅಂತ ಓದುತ್ತಾರೆ. ಕೊಳ್ಳುವವರು ಕಡಿಮೆ ಇದ್ದಾಗ ಏನಾಗುತ್ತದೆ ಅನ್ನೋದು ಕೈಗಾರಿಕಾ ಅರ್ಥಶಾಸ್ತ್ರದ ಹೊಲ. ಮಾರುವವನಿಗೆ ಗೊತ್ತಿರುವುದು ಕೊಳ್ಳುವವನಿಗೆ ಗೊತ್ತಿಲ್ಲದಿದ್ದರೆ ಒಳ್ಳೆ ಮಾಲಿಗೂ ಕೆಟ್ಟ ಬೆಲೆ ಬರುತ್ತದೆ ಅಂತ ಜಾರ್ಜ್ ಅಕರ್ಲಾಫ್ 1970ರಲ್ಲೇ ತೋರಿಸಿದರು. ಅವರ ಉದಾಹರಣೆ ಹಳೇ ಕಾರಿನದು, ನಿಮ್ಮದು ಹಸಿ ಕಾಳಿನದು, ಅಷ್ಟೇ. ನಮ್ಮ ಎಪಿಎಂಸಿಗಳಲ್ಲಿ ನಡೆಯುವ ಇ-ಟೆಂಡರ್ ಕೂಡ ಒಂದು ಹರಾಜೇ. ಹರಾಜಿನ ಸಿದ್ಧಾಂತಕ್ಕೆ 2020ರಲ್ಲಿ ಪಾಲ್ ಮಿಲ್‌ಗ್ರಾಂ ಮತ್ತು ರಾಬರ್ಟ್ ವಿಲ್ಸನ್ ಅವರಿಗೆ ನೊಬೆಲ್ ಬಂತು.

ನಿಮ್ಮ ಪ್ರಶ್ನೆಗೆ ತೀರಾ ಹತ್ತಿರದ ಕೆಲಸ ನಡೆದಿರುವುದು ಮೀನಿನ ಮೇಲೆ. ಕೇರಳದ ಕಾಸರಗೋಡು, ಕಣ್ಣೂರು, ಕೋಯಿಕ್ಕೋಡ್ ಕಡಲತೀರದಲ್ಲಿ 1997ರಿಂದ 2001ರ ನಡುವೆ ಮೊಬೈಲ್ ಬಂತು. ಬೂತಾಯಿ ಮೀನು ಹಿಡಿಯುವವರು ದೋಣಿಯಿಂದಲೇ ಫೋನ್ ಮಾಡಿ, ಯಾವ ತೀರದಲ್ಲಿ ರೇಟು ಚೆನ್ನಾಗಿದೆ ಅಂತ ಕೇಳಿಕೊಂಡು ಅಲ್ಲಿಗೆ ಹೋಗತೊಡಗಿದರು. ತೀರದಿಂದ ತೀರಕ್ಕೆ ಇದ್ದ ದರದ ಅಂತರ ಇಳಿಯಿತು. ಕೊಳ್ಳುವವರಿಲ್ಲದೆ ಮೀನು ಎಸೆಯುವುದು ನಿಂತಿತು. ರಾಬರ್ಟ್ ಜೆನ್ಸನ್ 2007ರಲ್ಲಿ ಪ್ರಕಟಿಸಿದ ಅಧ್ಯಯನ ಇದು. ಈಗ ಮೆಕ್ಕೆಜೋಳದವರ ಕೈಯಲ್ಲೂ ಮೊಬೈಲ್ ಇದೆ. ಆದರೂ ಅಂತರ ಉಳಿದಿದ್ದರೆ ಯಾಕೆ? ನಿಮ್ಮ ಎಂ.ಎ. ಪ್ರಾಜೆಕ್ಟಿಗೆ ಇಷ್ಟು ಸಾಕು.

ಹಾಗಾಗಿ ನನ್ನ ಸಲಹೆ: ಕೃಷಿ ಅರ್ಥಶಾಸ್ತ್ರ ಮತ್ತು ಎಕನಾಮೆಟ್ರಿಕ್ಸ್ (ಅಂಕಿಅಂಶ ಹಿಡಿದು ಆರ್ಥಿಕ ಸಂಬಂಧಗಳನ್ನು ಅಳೆಯುವ ಪೇಪರ್). ಎರಡನೆಯದು ಕೇಳಿ ಮುಖ ಸಿಂಡರಿಸಬೇಡಿ. ಎಷ್ಟೇ ಆಸಕ್ತಿ ಇರಲಿ, "ಇದರಿಂದಲೇ ಹೀಗಾಯ್ತು" ಅಂತ ಧೈರ್ಯವಾಗಿ ಹೇಳಲು ಬೇಕಾದ ಉಪಕರಣ ಇರುವುದು ಆ ಪೇಪರಿನಲ್ಲಿ. ಅದಿಲ್ಲದ ಕೃಷಿ ಅರ್ಥಶಾಸ್ತ್ರ ಪತ್ರಿಕೆಯ ಸಂಪಾದಕೀಯದ ಹತ್ತಿರ ಬಂದು ನಿಂತುಬಿಡುತ್ತದೆ.

ಗಣಿತದ ಭಯದ ಬಗ್ಗೆ ಒಂದು ಮಾತು. ಶುರು ಮಾಡಲು ಬೇಕಾದ್ದು ಗೆರೆಯ ಇಳಿಜಾರು, ಲಾಗರಿದಮ್, ಸುಲಭದ ಡಿಫರೆನ್ಸಿಯೇಶನ್, ಸರಾಸರಿ, ಸಂಭವನೀಯತೆ. ಎಲ್ಲವೂ ಪಿಯುಸಿ ಪುಸ್ತಕದಲ್ಲಿವೆ. ರಜೆಯಲ್ಲಿ ಸೈನ್ಸ್ ಓದಿದ ಗೆಳತಿಯ ಹತ್ತಿರ ಕೂತು ಲೆಕ್ಕ ಮಾಡಿ. ಓದುವುದಲ್ಲ, ಕೈಯಲ್ಲಿ ಮಾಡುವುದು. ಜೊತೆಗೆ ಕೃಷಿ ಮಾರಾಟ ವಾಹಿನಿ ಜಾಲತಾಣ ತೆಗೆದು ದಾವಣಗೆರೆ, ರಾಣೆಬೆನ್ನೂರಿನ ದಿನದ ಮೆಕ್ಕೆಜೋಳದ ದರವನ್ನು ಎಕ್ಸೆಲ್‌ನಲ್ಲಿ ಇಳಿಸಿಕೊಳ್ಳಿ. ಕನಿಷ್ಠ, ಗರಿಷ್ಠ ದರ ಎರಡೂ ಸಿಗುತ್ತವೆ. ದಲ್ಲಾಳಿ ಅಂಗಡಿಯವರು ನಿಮ್ಮ ತಂದೆಗೆ ಕೊಟ್ಟ ಹಳೇ ಬಿಲ್‌ಗಳಿದ್ದರೆ ಅವನ್ನೂ ಸೇರಿಸಿ. ಸ್ವಂತ ಮನೆಯ ಅಂಕಿ ಕಣ್ಣೆದುರು ಇದ್ದರೆ ರಿಗ್ರೆಶನ್ (ಒಂದು ಬದಲಾದರೆ ಇನ್ನೊಂದು ಎಷ್ಟು ಬದಲಾಗುತ್ತದೆ ಅಂತ ಅಂಕಿಗಳಿಂದ ಅಳೆಯುವ ಲೆಕ್ಕ) ಅಷ್ಟು ಹೆದರಿಸುವುದಿಲ್ಲ.

ಉಳಿದ ಪೇಪರ್‌ಗಳು ಬೇಡ ಅಂತಲ್ಲ. ಮೆಕ್ಕೆಜೋಳಕ್ಕೆ 2025-26ರ ಬೆಂಬಲ ಬೆಲೆ 2,400 ರೂಪಾಯಿ ಅಂತ ಘೋಷಿಸಿದರೂ ಮಾರುಕಟ್ಟೆಯಲ್ಲಿ ಅದಕ್ಕಿಂತ ಎಷ್ಟೋ ಕೆಳಗೆ ಯಾಕೆ ಬಿತ್ತು, ಮೆಕ್ಕೆಜೋಳದಿಂದ ಎಥೆನಾಲ್ ಮಾಡುವ ಕಂಪನಿಗಳು ಮತ್ತು ಆಮದು ಇದರಲ್ಲಿ ಏನು ಮಾಡಿದವು ಅನ್ನೋ ಕಡೆ ನಿಮ್ಮ ಮನಸ್ಸು ಎಳೆದರೆ ವ್ಯಾಪಾರದ ಪೇಪರ್ ಸರಿ. ರಾಜ್ಯಗಳಿಗೆ ಹಂಚುವ ಕೇಂದ್ರ ತೆರಿಗೆಯಲ್ಲಿ ಕರ್ನಾಟಕದ ಪಾಲು 14ನೇ ಹಣಕಾಸು ಆಯೋಗದಲ್ಲಿ ಶೇ 4.713 ಇದ್ದದ್ದು 15ನೆಯದರಲ್ಲಿ 3.647ಕ್ಕೆ ಇಳಿದದ್ದು ಓದಿ ರಾತ್ರಿ ನಿದ್ದೆ ಬರದಿದ್ದರೆ ಸಾರ್ವಜನಿಕ ಹಣಕಾಸು.

ಸ್ಕೋರಿಂಗ್ ಅನ್ನೋ ಮಾತನ್ನು ಪೂರ್ತಿ ತಳ್ಳಿಹಾಕಲಾರೆ. ಶೇ 55 ದಾಟಲೇಬೇಕಾದ ಕಡೆ ಬಹಳ ಇವೆ. ಆದರೆ ಪ್ರಾಸ್ಪೆಕ್ಟಸ್‌ನಲ್ಲಿ ಅಚ್ಚಾಗಿರುವ ಐಚ್ಛಿಕಗಳೆಲ್ಲ ಪ್ರತಿ ವರ್ಷ ನಡೆಯುವುದಿಲ್ಲ, ಇದು ನೆನಪಿರಲಿ. ಪಾಠ ಮಾಡುವವರು ಇರಬೇಕು, ಓದುವವರೂ ಇರಬೇಕು. ಅರ್ಜಿ ತುಂಬುವ ಮೊದಲೇ ವಿಭಾಗಕ್ಕೆ ಹೋಗಿ ಈ ಸಲ ಯಾವುದು ನಡೆಯುತ್ತದೆ, ಯಾರು ತಗೊಳ್ಳುತ್ತಾರೆ ಅಂತ ಕೇಳಿ. ನಾಲ್ಕು ಗೆಳತಿಯರನ್ನು ಜೊತೆಗೆ ಕರೆದುಕೊಂಡು ಹೋದರೆ ಎಕನಾಮೆಟ್ರಿಕ್ಸ್ ಶುರುವಾದರೂ ಆಗಬಹುದು.

ಪ್ರಶ್ನೆ: ಸರ್, ನಾನು ಚಳ್ಳಕೆರೆಯವನು, ಎಂ.ಎ. ಮೊದಲ ವರ್ಷ. ಐ.ಇ.ಎಸ್. (ಭಾರತೀಯ ಆರ್ಥಿಕ ಸೇವೆ) ಪರೀಕ್ಷೆ ಬರೆಯಬೇಕು ಅಂತ ಆಸೆ. ನನಗೆ ಇಷ್ಟವಾದ ಪೇಪರ್ ಬಿಟ್ಟು ಪರೀಕ್ಷೆಗೆ ಬೇಕಾದ್ದನ್ನೇ ತಗೊಳ್ಳಬೇಕಾ?

ಉತ್ತರ: ಮೊದಲು ಯು.ಪಿ.ಎಸ್.ಸಿ. ಸಿಲಬಸ್ ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿ. ಭಾರತೀಯ ಆರ್ಥಿಕ ಸೇವೆಗೆ ಅರ್ಥಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಬೇಕು, ವಯಸ್ಸು 21ರಿಂದ 30 (ಮೀಸಲಾತಿಗೆ ಸಡಿಲಿಕೆ ಇದೆ). ಜನರಲ್ ಇಂಗ್ಲಿಷ್, ಜನರಲ್ ಸ್ಟಡೀಸ್ ತಲಾ 100 ಅಂಕ. ಜನರಲ್ ಎಕನಾಮಿಕ್ಸ್ ಮೂರು ಪತ್ರಿಕೆ, ಇಂಡಿಯನ್ ಎಕನಾಮಿಕ್ಸ್ ಒಂದು, ತಲಾ 200. ಸಂದರ್ಶನಕ್ಕೆ ಇನ್ನೊಂದು 200. ಎಲ್ಲ ಇಂಗ್ಲಿಷಿನಲ್ಲೇ ಬರೆಯಬೇಕು. ಕನ್ನಡ ಮಾಧ್ಯಮದಲ್ಲಿ ಬಂದವರು ಇದನ್ನು ಕೊನೆ ವರ್ಷದವರೆಗೆ ಮುಂದೂಡಿ ಕಷ್ಟಪಡುತ್ತಾರೆ. ವಾರಕ್ಕೆ ಎರಡು ಉತ್ತರ ಇಂಗ್ಲಿಷಿನಲ್ಲಿ ಬರೆದು ಯಾರಿಗಾದರೂ ತೋರಿಸಿ.

ಇಷ್ಟ ಮತ್ತು ಪರೀಕ್ಷೆ ನಡುವೆ ನೀವು ಅಂದುಕೊಂಡಷ್ಟು ಜಗಳ ಇಲ್ಲ. ಮೊದಲ ಪತ್ರಿಕೆಯಲ್ಲಿ ಮೈಕ್ರೋ ಜೊತೆಗೆ ಗಣಿತ, ಸಂಖ್ಯಾಶಾಸ್ತ್ರ, ಎಕನಾಮೆಟ್ರಿಕ್ಸ್ ಇವೆ. ಅದು ಬಿಡುವ ಹಾಗಿಲ್ಲ. ಎರಡನೆಯದರಲ್ಲಿ ಮ್ಯಾಕ್ರೋ, ಬೆಳವಣಿಗೆ, ಅಂತರರಾಷ್ಟ್ರೀಯ ಅರ್ಥಶಾಸ್ತ್ರ. ಮೂರನೆಯದರಲ್ಲಿ ಸಾರ್ವಜನಿಕ ಹಣಕಾಸು, ಪರಿಸರ ಅರ್ಥಶಾಸ್ತ್ರ, ಕೈಗಾರಿಕಾ ಅರ್ಥಶಾಸ್ತ್ರ. ಅಂದರೆ ಐಚ್ಛಿಕಗಳಲ್ಲಿ ಯಾವುದನ್ನು ಮನಸಾರೆ ಓದಿದರೂ ಒಂದಲ್ಲ ಒಂದು ಕಡೆ ಕೆಲಸಕ್ಕೆ ಬರುತ್ತದೆ. ಉಳಿದದ್ದನ್ನು ನೀವೇ ಓದಿಕೊಳ್ಳಬಹುದು. ಮೇಷ್ಟ್ರಿಲ್ಲದೆ ಒಬ್ಬರೇ ಕಲಿಯಲು ಕಷ್ಟವಾಗುವ ಪೇಪರನ್ನು ಕ್ಲಾಸಿನಲ್ಲಿ ಕಲಿಯಿರಿ, ಅದು ಬಹುತೇಕ ಎಕನಾಮೆಟ್ರಿಕ್ಸೇ.

ಇನ್ನೊಂದು ಮಾತು. ಹುದ್ದೆಗಳು ಬಹಳ ಕಡಿಮೆ. ಒಂದೇ ಪರೀಕ್ಷೆಗೆ ಎಲ್ಲ ವರ್ಷ ಇಡಬೇಡಿ. ರಿಸರ್ವ್ ಬ್ಯಾಂಕಿನ ಸಂಶೋಧನಾ ವಿಭಾಗದ ಗ್ರೇಡ್ ಬಿ, ಕಾಲೇಜು ಅಧ್ಯಾಪಕರ ಅರ್ಹತಾ ಪರೀಕ್ಷೆಗಳಾದ ಕೆಸೆಟ್, ನೆಟ್ ಇವಕ್ಕೂ ಇದೇ ಓದು ಆಗುತ್ತದೆ. ಪಿಎಚ್.ಡಿ. ಆಸೆ ಹುಟ್ಟಿದರೆ ಬೆಂಗಳೂರಿನ ನಾಗರಭಾವಿಯಲ್ಲಿ ಐಸೆಕ್ (ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಗಳ ಅಧ್ಯಯನ ಸಂಸ್ಥೆ) ಇದೆ, 1972ರಲ್ಲಿ ವಿ.ಕೆ.ಆರ್.ವಿ. ರಾವ್ ಕಟ್ಟಿದ ಸಂಸ್ಥೆ.

ಪ್ರಶ್ನೆ: ಸರ್, ಮಲೇಬೆನ್ನೂರಿನ ಹತ್ತಿರ ನಮ್ಮ ಗದ್ದೆ. ಭದ್ರಾ ನಾಲೆಯ ಕೊನೆ ಭಾಗ. ನೀರು ಬಿಟ್ಟರೂ ನಮಗೆ ಬರುವಷ್ಟರಲ್ಲಿ ಖಾಲಿ. ಅದಕ್ಕೇ ಪರಿಸರ ಅರ್ಥಶಾಸ್ತ್ರ ತಗೊಂಡೆ. ಆದರೆ ಬರೀ ಹೊಗೆ, ಮಾಲಿನ್ಯ ತೆರಿಗೆ ಇವೆ. ತಪ್ಪು ಪೇಪರ್ ಆರಿಸಿದೆನಾ?
— ಬಿ.ಎ. ವಿದ್ಯಾರ್ಥಿ, ಹರಿಹರ ತಾಲ್ಲೂಕು

ಉತ್ತರ: ಪೇಪರ್ ಸರಿಯಾಗಿದೆ, ನಿಮಗೆ ಬೇಕಾದ ಯೂನಿಟ್ ಇನ್ನೂ ಬಂದಿಲ್ಲ. ಸಿಲಬಸ್‌ನಲ್ಲಿ 'ಸಾಮೂಹಿಕ ಸಂಪನ್ಮೂಲ' ಅಥವಾ 'ಕಾಮನ್ ಪೂಲ್ ರಿಸೋರ್ಸ್' ಅನ್ನೋದನ್ನು ಹುಡುಕಿ. ನಾಲೆ ನೀರಿನ ಹಾಗೆ ಎಲ್ಲರೂ ಬಳಸುವ, ಒಬ್ಬರು ತಗೊಂಡಷ್ಟು ಇನ್ನೊಬ್ಬರಿಗೆ ಕಡಿಮೆಯಾಗುವ ವಸ್ತು ಅಂತ ಅರ್ಥ. ಎಲಿನಾರ್ ಆಸ್ಟ್ರಮ್ ಇದೇ ವಿಷಯಕ್ಕೆ 2009ರಲ್ಲಿ ನೊಬೆಲ್ ಪಡೆದರು. ಅರ್ಥಶಾಸ್ತ್ರದ ನೊಬೆಲ್ ಪಡೆದ ಮೊದಲ ಮಹಿಳೆ ಅವರು, ಓದಿದ್ದು ಮಾತ್ರ ರಾಜ್ಯಶಾಸ್ತ್ರ. ನೇಪಾಳದ ನಾಲೆಗಳನ್ನು ಅವರು ಮತ್ತು ಅವರ ಜೊತೆಗಾರರು ಹೋಲಿಸಿ ನೋಡಿದರು. ಸರ್ಕಾರ ನಡೆಸುವ ನಾಲೆಗಳಿಗಿಂತ ರೈತರೇ ನಿಯಮ ಮಾಡಿಕೊಂಡು ನಡೆಸುವ ನಾಲೆಗಳಲ್ಲಿ ಕೊನೆ ಭಾಗಕ್ಕೆ ನೀರು ಚೆನ್ನಾಗಿ ತಲುಪುತ್ತಿತ್ತು. ಅದೂ ಕೆಲವು ಕಡೆ ಮಣ್ಣಿನ ಬದು, ಕಲ್ಲು ಕಟ್ಟೆಯ ಹಳೇ ನಾಲೆಗಳಲ್ಲಿ. ಮೇಲಿನವರಿಗೆ ನಾಲೆ ರಿಪೇರಿಗೆ ಕೆಳಗಿನವರ ಕೈ ಬೇಕಿತ್ತು. ಹಾಗಾಗಿ ನೀರು ಬಿಡಲೇಬೇಕಿತ್ತು. ಸಿಮೆಂಟ್ ನಾಲೆ ಬಂದ ಮೇಲೆ ಆ ಅಗತ್ಯ ಕಡಿಮೆ ಆಯಿತು.

ನಮ್ಮಲ್ಲೂ ನೀರು ಬಳಕೆದಾರರ ಸಹಕಾರ ಸಂಘಗಳಿವೆ. ನಿಮ್ಮ ಸಂಘ ಕೊನೆ ಸಲ ಸಭೆ ಸೇರಿದ್ದು ಯಾವಾಗ, ಮೇಲ್ಭಾಗದವರು ಬಂದಿದ್ದರಾ, ಸರದಿ ತಪ್ಪಿಸಿದವರಿಗೆ ದಂಡ ಇದೆಯಾ ಅಂತ ಊರಲ್ಲಿ ಕೇಳಿ ಬರೆದಿಟ್ಟುಕೊಳ್ಳಿ. ಎಂ.ಎ.ಗೆ ಹೋದಾಗ ಪರಿಸರ ಅರ್ಥಶಾಸ್ತ್ರದ ಜೊತೆ ಗೇಮ್ ಥಿಯರಿ (ಒಬ್ಬರ ನಡೆ ನೋಡಿ ಇನ್ನೊಬ್ಬರು ಹೇಗೆ ನಿರ್ಧಾರ ಮಾಡುತ್ತಾರೆ ಅನ್ನೋ ಪಾಠ) ಇರುವ ಮೈಕ್ರೋ ಪೇಪರ್ ತಗೊಳ್ಳಿ. ಕೃಷಿ ವಿಶ್ವವಿದ್ಯಾಲಯದ ಎಂ.ಎಸ್ಸಿ. ಕೃಷಿ ಅರ್ಥಶಾಸ್ತ್ರದ ಕಡೆ ನೋಡುತ್ತಿದ್ದರೆ ಮೊದಲೇ ವಿಚಾರಿಸಿ. ಅಲ್ಲಿ ಸಾಮಾನ್ಯವಾಗಿ ಬಿ.ಎಸ್ಸಿ. ಕೃಷಿ ಆದವರನ್ನೇ ತಗೊಳ್ಳುತ್ತಾರೆ, ಬಿ.ಎ. ನಡೆಯುವುದಿಲ್ಲ.