ಎಕ್ಸ್‌ಎಸ್‌ಎಲ್‌ಟಿ: ಚೂಸ್ ಒಳಗೆ ಮಾಡಿದ ವೇರಿಯಬಲ್ ಹೊರಗೆ ಯಾಕೆ ಸಿಗುತ್ತಿಲ್ಲ?

ಎಕ್ಸ್‌ಎಸ್‌ಎಲ್‌ಟಿ ಅಂದರೆ ಎಕ್ಸ್‌ಎಂಎಲ್ ಡೇಟಾವನ್ನು ಬೇರೆ ರೂಪಕ್ಕೆ ತಿರುಗಿಸುವ ಭಾಷೆ. ಅದರ ಬಗ್ಗೆ ನೀವು ಕೇಳಿರುವುದು ಎರಡು ವಿಷಯ. ಚೂಸ್ (ಷರತ್ತು ನೋಡಿ ಆರಿಸುವ ಟ್ಯಾಗ್) ಒಳಗಿನ ವೆನ್‌ನಲ್ಲಿ (ಒಂದೊಂದು ಷರತ್ತಿನ ಟ್ಯಾಗ್) ‘ರಿಯಾಯಿತಿ’ ಅಂತ ಒಂದು ವೇರಿಯಬಲ್ ಮಾಡಿದ್ದೀರಿ, ಚೂಸ್ ಮುಗಿದ ಮೇಲೆ ಅದನ್ನು ಬಳಸಲು ಹೋದರೆ ಆ ಹೆಸರಿನದು ಇಲ್ಲವೇ ಇಲ್ಲ ಅಂತ ಎರರ್ ಬರುತ್ತಿದೆ. ಎರಡನೆಯದು, ಫಾರ್-ಈಚ್ ಒಳಗೆ ಬೆಲೆಗಳನ್ನು ಕೂಡಿಸುತ್ತಾ ಹೋದರೂ ಕೊನೆಯಲ್ಲಿ ಒಟ್ಟು ಸೊನ್ನೆಯೇ ಇದೆ. ಎರಡೂ ಒಂದೇ ಕಾಯಿಲೆ.

ಮೊದಲು ಚೂಸ್ ನೋಡೋಣ. ಟೆಂಪ್ಲೇಟ್ (ಔಟ್‌ಪುಟ್‌ನಲ್ಲಿ ಏನು ಬರೆಯಬೇಕು ಅನ್ನುವ ನಿಯಮಗಳ ಕಟ್ಟು) ಒಳಗೆ ಮಾಡಿದ ವೇರಿಯಬಲ್ ಯಾರಿಗೆ ಕಾಣುತ್ತದೆ ಅನ್ನುವುದನ್ನು ನಾನು ಸಂಬಂಧಗಳ ಲೆಕ್ಕದಲ್ಲಿ ನೆನಪಿಟ್ಟುಕೊಂಡಿದ್ದೇನೆ. ಅದರ ತಮ್ಮ-ತಂಗಿಯರಿಗೆ, ಅಂದರೆ ಅದೇ ಮಟ್ಟದಲ್ಲಿ ಅದರ ನಂತರ ಬರುವ ಟ್ಯಾಗ್‌ಗಳಿಗೆ ಕಾಣುತ್ತದೆ, ಆ ತಮ್ಮ-ತಂಗಿಯರ ಮಕ್ಕಳು ಮೊಮ್ಮಕ್ಕಳಿಗೂ ಕಾಣುತ್ತದೆ. ಅಣ್ಣನಿಗಿಲ್ಲ, ಅಪ್ಪನಿಗಿಲ್ಲ, ಚಿಕ್ಕಪ್ಪನಿಗೂ ಇಲ್ಲ. ತಮಾಷೆ ಅಂದರೆ ತನ್ನ ಹೊಟ್ಟೆಯ ಮಕ್ಕಳಿಗೂ ಇಲ್ಲ. ಈಗ ನಿಮ್ಮ ಕೋಡ್ ನೋಡಿ: ವೇರಿಯಬಲ್‌ಗೆ ಅಪ್ಪ ವೆನ್, ತಾತ ಚೂಸ್. ನೀವು ಕೆಳಗೆ ಬರೆದಿರುವ ವ್ಯಾಲ್ಯೂ-ಆಫ್ (ಔಟ್‌ಪುಟ್‌ಗೆ ಬರೆಯುವ ಟ್ಯಾಗ್) ಆ ಚೂಸ್‌ನ ತಮ್ಮ, ಅಂದರೆ ತಾತನ ತಮ್ಮ. ಅವರಿಗೆ ಹೇಗೆ ಕಾಣಬೇಕು?

ಸರಿ ಮಾಡುವುದು ಸುಲಭ, ಒಳಗಿನದನ್ನು ಹೊರಗೆ ಮಾಡಿ. ಚೂಸ್ ಒಳಗೆ ವೇರಿಯಬಲ್ ಬೇಡ, ವೇರಿಯಬಲ್ ಒಳಗೆ ಚೂಸ್ ಇಡಿ. ‘ರಿಯಾಯಿತಿ’ ಟ್ಯಾಗ್ ತೆರೆದು, ಒಳಗೆ ಚೂಸ್, ವೆನ್‌ನಲ್ಲಿ ಗಿರಾಕಿ ಖಾಯಂ ಆದರೆ 10, ಅದರ್‌ವೈಸ್‌ನಲ್ಲಿ 0, ಆಮೇಲೆ ವೇರಿಯಬಲ್ ಮುಚ್ಚಿ. ಈಗ ಕೆಳಗಿನ ಎಲ್ಲಾ ಸಾಲುಗಳೂ ಅದರ ತಮ್ಮಂದಿರೇ, ಎಲ್ಲರಿಗೂ ಸಿಗುತ್ತದೆ. ಎಕ್ಸ್‌ಎಸ್‌ಎಲ್‌ಟಿಯ 2.0 ಆವೃತ್ತಿ ಬಳಸುತ್ತಿದ್ದರೆ ಇಷ್ಟೂ ಬೇಡ, ವೇರಿಯಬಲ್ ಟ್ಯಾಗ್‌ನ ಸೆಲೆಕ್ಟ್ ಅಟ್ರಿಬ್ಯೂಟ್ ಒಳಗೇ ಇಫ್-ದೆನ್-ಎಲ್ಸ್ ಬರೆದರೆ ಒಂದೇ ಸಾಲಿನಲ್ಲಿ ಮುಗಿಯುತ್ತದೆ.

ಆದರೆ ಹೀಗೆ ಹೊಟ್ಟೆಯೊಳಗೆ ಬರೆದ ವೇರಿಯಬಲ್‌ನಲ್ಲಿ ಒಂದು ಗುಂಡಿ ಇದೆ, ನಾನು ಅದರಲ್ಲಿ ಬಿದ್ದಿದ್ದೇನೆ. ಸೆಲೆಕ್ಟ್‌ನಲ್ಲಿ 2 ಅಂತ ಬರೆದರೆ ಅದು ಸಂಖ್ಯೆ. ಟ್ಯಾಗ್ ತೆರೆದು ಒಳಗೆ 2 ಅಂತ ಬರೆದು ಮುಚ್ಚಿದರೆ ಅದು ಸಂಖ್ಯೆ ಅಲ್ಲ, 2 ಅನ್ನುವ ಅಕ್ಷರ ಇರುವ ಒಂದು ಪುಟ್ಟ ಮರದ ತುಂಡು (ಮರ ಅಂದರೆ ಇಲ್ಲಿ ಎಕ್ಸ್‌ಎಂಎಲ್‌ನ ಅಪ್ಪ-ಮಕ್ಕಳ ವಂಶವೃಕ್ಷ, ಟ್ರೀ). ಅದನ್ನು ತೆಗೆದುಕೊಂಡು ಸಾಮಾನು[$n] ಅಂತ ಎರಡನೇ ಸಾಮಾನು ಕೇಳಿದರೆ, ಮರದ ತುಂಡು ‘ಇದೆ’ ಅನ್ನುವುದಷ್ಟೇ ಲೆಕ್ಕಕ್ಕೆ ಬಂದು ಎಲ್ಲಾ ಸಾಮಾನುಗಳೂ ಪಾಸ್ ಆಗುತ್ತವೆ. 1.0ದ ವ್ಯಾಲ್ಯೂ-ಆಫ್ ಅದರಲ್ಲಿ ಮೊದಲನೆಯದನ್ನು ಮಾತ್ರ ತೋರಿಸುತ್ತದೆ. ಎರರ್ ಇಲ್ಲ, ಸುಮ್ನೆ ತಪ್ಪು ಉತ್ತರ. 1.0 ಸ್ಪೆಸಿಫಿಕೇಶನ್‌ನಲ್ಲೇ ಈ ಉದಾಹರಣೆ ಕೊಟ್ಟು ಎಚ್ಚರಿಸಿದ್ದಾರೆ, ನಾನು ಓದಿರಲಿಲ್ಲ ಅಷ್ಟೇ. ನಂಬರ್() ಒಳಗೆ ಹಾಕಿ ಕೇಳಿದರೆ ಸರಿಹೋಗುತ್ತದೆ.

ಈಗ ಒಟ್ಟು ಸೊನ್ನೆ ಬರುವ ಕಥೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಬಿಲ್ ಪ್ರಿಂಟ್ ಮಾಡುವ ಒಂದು ಸ್ಟೈಲ್‌ಶೀಟ್ (ಎಕ್ಸ್‌ಎಸ್‌ಎಲ್‌ಟಿ ಫೈಲ್) ನನ್ನ ಕೈಗೆ ಬಂದಿತ್ತು, ನಾನೂ ಥೇಟ್ ನಿಮ್ಮ ಹಾಗೇ ಬರೆದಿದ್ದೆ. ಫೈಲಿನ ಮೇಲ್ಗಡೆ ಗ್ಲೋಬಲ್ ಆಗಿ ‘ಒಟ್ಟು’, ಬೆಲೆ 0. ಫಾರ್-ಈಚ್ ಒಳಗೆ ಮತ್ತೆ ‘ಒಟ್ಟು’ ಅಂತ ವೇರಿಯಬಲ್, ಅದರ ಸೆಲೆಕ್ಟ್‌ನಲ್ಲಿ $ಒಟ್ಟು + ಬೆಲೆ. ಸಾಮಾನು ಮೂರು: 40, 60, 25. ನನಗೆ ಬೇಕಿದ್ದದ್ದು 40, 100, 125. ಬಂದದ್ದು 40, 60, 25, ಕೆಳಗೆ ಒಟ್ಟು 0. ಮಧ್ಯಾಹ್ನವೆಲ್ಲಾ ಡೇಟಾ ಸರಿ ಇಲ್ಲ ಅಂತ ಎಕ್ಸ್‌ಎಂಎಲ್ ಕಳಿಸುತ್ತಿದ್ದವರ ಜೊತೆ ಜಗಳ ಆಡಿದೆ.

ಆಗಿದ್ದು ಇಷ್ಟು. ಒಳಗಿನ ‘ಒಟ್ಟು’ ಹೊರಗಿನದಕ್ಕೆ ಹೊಸ ಬೆಲೆ ಕೊಡಲಿಲ್ಲ, ಅದೇ ಹೆಸರಿನ ಇನ್ನೊಬ್ಬ ಹುಟ್ಟಿದ. ಅವನ ಸೆಲೆಕ್ಟ್‌ನಲ್ಲಿ ಬರುವ $ಒಟ್ಟು ಅವನೇ ಅಲ್ಲ (ತನಗೆ ತಾನು ಕಾಣುವುದಿಲ್ಲ), ಮೇಲಿನ ಗ್ಲೋಬಲ್ 0. ಹಾಗಾಗಿ 0+40. ಆ ಸುತ್ತು ಮುಗಿಯುತ್ತಲೇ ಅವನೂ ಹೋದ. ಮುಂದಿನ ಸುತ್ತಿಗೆ ಮತ್ತೆ 0+60. ಫಾರ್-ಈಚ್ ಅನ್ನುವ ಹೆಸರು ನೋಡಿ ನಾವು ಜಾವಾದ ಲೂಪ್ ಅಂದುಕೊಳ್ಳುತ್ತೇವೆ ಅಲ್ವಾ, ಅದು ಲೂಪೇ ಅಲ್ಲ. ಪ್ರತಿ ಸಾಮಾನಿಗೂ ಬೇರೆ ಬೇರೆಯಾಗಿ ‘ಇದಕ್ಕೆ ಹೀಗೆ ಬರೆ’ ಅಂತ ಹೇಳಿದ ಹಾಗೆ. ಪಕ್ಕದ ಸುತ್ತಿನಲ್ಲಿ ಏನಾಯಿತು ಅನ್ನುವುದು ಇದಕ್ಕೆ ಗೊತ್ತಿಲ್ಲ. ಪ್ರೊಸೆಸರ್ ಬೇಕಿದ್ದರೆ 25ರ ಲೆಕ್ಕ ಮೊದಲು ಮಾಡಿಟ್ಟುಕೊಳ್ಳಬಹುದು, ಔಟ್‌ಪುಟ್‌ನಲ್ಲಿ ಕ್ರಮ ಸರಿ ಇದ್ದರೆ ಸಾಕು. ಅದಕ್ಕೇ ವೇರಿಯಬಲ್‌ನ ಬೆಲೆ ಬದಲಾಯಿಸಲು ಬಿಡುವುದಿಲ್ಲ. ಅಂದಹಾಗೆ, ಹೊರಗಿನ ‘ಒಟ್ಟು’ ಗ್ಲೋಬಲ್ ಆಗಿರದೆ ಅದೇ ಟೆಂಪ್ಲೇಟ್‌ನಲ್ಲಿ ಇದ್ದಿದ್ದರೆ 1.0 ಇದನ್ನು ಎರರ್ ಅಂತಲೇ ಹೇಳಬೇಕಿತ್ತು. ನನ್ನ ಅದೃಷ್ಟಕ್ಕೆ ಗ್ಲೋಬಲ್ ಇಟ್ಟಿದ್ದೆ.

ಪೂರ್ತಿ ಮೊತ್ತಕ್ಕೆ ಸಮ್(ಸಾಮಾನು/ಬೆಲೆ) ಸಾಕು. ಸಾಲು ಸಾಲಿಗೂ ಏರುವ ಮೊತ್ತ ಬೇಕಿದ್ದರೆ ಬೆಲೆಗೆ, ಪ್ರಿಸೀಡಿಂಗ್-ಸಿಬ್ಲಿಂಗ್ (ಅಣ್ಣ-ಅಕ್ಕ) ಆಗಿರುವ ಸಾಮಾನುಗಳ ಬೆಲೆಯ ಸಮ್ ಸೇರಿಸಿ. ಬೆಲೆ ಗುಣಿಸು ಸಂಖ್ಯೆ ಮಾಡಿ ಕೂಡಿಸಬೇಕಾದರೆ 2.0ದಲ್ಲಿ ಸಮ್(ಸಾಮಾನು/(ಬೆಲೆ * ಸಂಖ್ಯೆ)) ಅಂತ ನೇರ ಬರೆಯಬಹುದು. 1.0ದಲ್ಲಿ ಇದಾಗುವುದಿಲ್ಲ, ಟೆಂಪ್ಲೇಟ್ ತನ್ನನ್ನೇ ಮತ್ತೆ ಕರೆದು ಈವರೆಗಿನ ಮೊತ್ತವನ್ನು ಪ್ಯಾರಾಮೀಟರ್ ಆಗಿ ಕೈಗೆ ಕೊಟ್ಟು ಕಳಿಸಬೇಕು. ಸಾವಿರಾರು ಸಾಲಿದ್ದರೆ ಹುಷಾರು, ಎಕ್ಸ್‌ಎಸ್‌ಎಲ್‌ಟಿಪ್ರಾಕ್ (ಸ್ಟೈಲ್‌ಶೀಟ್ ಓಡಿಸುವ ಒಂದು ಪ್ರೋಗ್ರಾಂ) ಮಾಮೂಲಿಯಾಗಿ 3000 ಆಳಕ್ಕೆ ನಿಲ್ಲಿಸಿಬಿಡುತ್ತದೆ. 3.0 ಇದ್ದರೆ ಇಟರೇಟ್ ಅಂತಲೇ ಇದೆ, ನಿಮಗೆ ಬೇಕಾದ ಲೂಪ್‌ಗೆ ಅದೇ ಹತ್ತಿರ.

ಇನ್ನೊಂದು ಕಡೆ ಜನ ಜಾಸ್ತಿ ಎಡವುತ್ತಾರೆ. ಒಂದು ಟೆಂಪ್ಲೇಟ್‌ನಿಂದ ಇನ್ನೊಂದನ್ನು ಕರೆದರೆ, ಕರೆದವನ ಲೋಕಲ್ ವೇರಿಯಬಲ್‌ಗಳು ಅಲ್ಲಿ ಸಿಗುವುದಿಲ್ಲ. ಕಾಣುವುದು ಬಿಡುವುದು ಫೈಲಿನಲ್ಲಿ ಎಲ್ಲಿ ಬರೆದಿದ್ದೀರಿ ಅನ್ನುವುದರ ಮೇಲೆ, ಯಾರು ಯಾರನ್ನು ಕರೆದರು ಅನ್ನುವುದರ ಮೇಲಲ್ಲ. ವಿತ್-ಪ್ಯಾರಾಮ್‌ನಲ್ಲಿ ಕಳಿಸಿ, ಆ ಕಡೆ ಟೆಂಪ್ಲೇಟ್‌ನ ಮೊದಲಲ್ಲೇ ಪ್ಯಾರಾಮ್ ಅಂತ ಅದೇ ಹೆಸರಲ್ಲಿ ಇಸಿದುಕೊಳ್ಳಿ. ಹೆಸರಲ್ಲಿ ಒಂದು ಅಕ್ಷರ ತಪ್ಪಿದರೂ 1.0 ಬಾಯಿ ಬಿಡುವುದಿಲ್ಲ, ಕಳಿಸಿದ್ದನ್ನು ಬಿಸಾಕಿ ಡೀಫಾಲ್ಟ್ ಬಳಸುತ್ತದೆ. ಮಧ್ಯೆ ನೀವು ಟೆಂಪ್ಲೇಟ್ ಬರೆಯದ ಎಲಿಮೆಂಟ್ ಒಂದು ಸಿಕ್ಕಿ ಬಿಲ್ಟ್-ಇನ್ ರೂಲ್ ಓಡಿದರೂ ಅಷ್ಟೇ, 1.0ದಲ್ಲಿ ಅದು ಪ್ಯಾರಾಮೀಟರನ್ನು ಮುಂದಕ್ಕೆ ದಾಟಿಸುವುದಿಲ್ಲ.

ಗ್ಲೋಬಲ್ ಎಲ್ಲರಿಗೂ ಕಾಣುತ್ತದೆ, ಫೈಲಿನ ಕೊನೆಯಲ್ಲಿ ಬರೆದರೂ ಪರವಾಗಿಲ್ಲ. ಆದರೆ ಅದರ ಸೆಲೆಕ್ಟ್ ಲೆಕ್ಕ ಆಗುವುದು ಡಾಕ್ಯುಮೆಂಟ್‌ನ ರೂಟ್‌ನಲ್ಲಿ ನಿಂತು. ಅಲ್ಲಿ ‘ಬೆಲೆ’ ಅಂತ ಮಾತ್ರ ಬರೆದರೆ ರೂಟ್ ಕೆಳಗೆ ನೇರವಾಗಿ ಅಂಥ ಎಲಿಮೆಂಟ್ ಇಲ್ಲದೆ ಖಾಲಿ ಬರುತ್ತದೆ.

ಇವೆಲ್ಲಾ ಸರಿಯಿದ್ದೂ ವೇರಿಯಬಲ್ ಖಾಲಿ ಬಂದರೆ ಸೆಲೆಕ್ಟ್‌ನೊಳಗಿನ ಕೋಟ್ ನೋಡಿ. ಸೆಲೆಕ್ಟ್‌ನಲ್ಲಿ ಖಾಯಂ ಅಂತ ಬರೆದರೆ ಅದು ‘ಖಾಯಂ’ ಅನ್ನುವ ಹೆಸರಿನ ಎಲಿಮೆಂಟ್ ಹುಡುಕುತ್ತದೆ (ಎಕ್ಸ್‌ಎಂಎಲ್‌ನಲ್ಲಿ ಎಲಿಮೆಂಟ್ ಹೆಸರು ಕನ್ನಡದಲ್ಲೂ ಇರಬಹುದು, ನಾನು ಇಲ್ಲಿ ಬರೆದಿರುವುದು ಸುಮ್ನೆ ಅಲ್ಲ). ಆ ಪದವೇ ಬೇಕಿದ್ದರೆ ಜೋಡಿ ಕೋಟ್ ಒಳಗೆ ಇನ್ನೊಂದು ಒಂಟಿ ಕೋಟ್ ಹಾಕಿ. ನಿಮ್ಮ ವೆನ್‌ನ ಟೆಸ್ಟ್‌ನಲ್ಲೂ ಅದು ಇಲ್ಲ, ಈಗ ನೋಡಿದೆ.