ಹಿತ್ತಲಲ್ಲಿ ಬೇಡ, ಎದುರಲ್ಲೇ ಮೊಳ ಹಾಕಿ

ನಮಸ್ಕಾರ.

ರಷ್ಯನ್ ಕಾದಂಬರಿಯೊಂದರ ಕನ್ನಡ ಅನುವಾದದ ಬಗ್ಗೆ ನೀವು ಕಳಿಸಿದ ವಿಮರ್ಶೆಯನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲಾರೆ. ಕೈಬಿಡುವುದಕ್ಕೂ ಮನಸ್ಸಿಲ್ಲ, ಅದಕ್ಕೇ ಇಷ್ಟುದ್ದ ಪತ್ರ.

ಮೊದಲ ಎರಡು ಪುಟ ಬರೀ ಕೃತಜ್ಞತೆ. 'ಅದ್ಭುತ' ಆರು ಸಲ, 'ಅನನ್ಯ' ನಾಲ್ಕು ಸಲ (ಎಣಿಸಿದೆ, ಕ್ಷಮಿಸಿ, ಕಸುಬಿನ ಚಾಳಿ). ಮೂರನೇ ಪುಟದಲ್ಲೊಂದು 'ಆದರೆ', ಅಲ್ಲಿಂದಾಚೆ ಅಚ್ಚಿನ ತಪ್ಪುಗಳ ಪಟ್ಟಿ. ಕೊನೆಗೆ 'ಇಷ್ಟಾದರೂ ಮಾಡಿದ್ದಾರಲ್ಲ' ಎಂಬ ಸಮಾಧಾನ. ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರಂತೆ ಎಂಬ ಗಾದೆ ನಿಮ್ಮನ್ನು ಹೆದರಿಸಿರಬೇಕು. ಮೊಳ ಹಾಕುವುದು ವಿಮರ್ಶಕರ ಕೆಲಸವೇ. ಕದ್ದು ಹಾಕಬಾರದು, ಅಷ್ಟೇ.

ನಿಮ್ಮ ಲೇಖನದ ಜೀವ ಇರುವುದು ಆ ಪಟ್ಟಿಯ ನಡುವೆ ಹುದುಗಿಹೋದ ಒಂದು ಸಾಲಿನಲ್ಲಿ: 'ಅಷ್ಟು ದೊಡ್ಡ ಜಗಳವಾದ ಮೇಲೂ ಗೆಳೆಯರಿಬ್ಬರು ನೀನು, ನೀನು ಎಂದೇ ಮಾತಾಡುವುದು ಯಾಕೋ ಸರಿಯೆನಿಸಲಿಲ್ಲ.' ಆ 'ಯಾಕೋ' ಏನೆಂದು ಹುಡುಕಬೇಕಿತ್ತು. ರಷ್ಯನ್ನಿನಲ್ಲಿ ನಮ್ಮಲ್ಲಿರುವಂತೆಯೇ ನೀನು, ನೀವು ಎರಡೂ ಇವೆ. ಸಲುಗೆ, ಮುನಿಸು, ದೂರ ಎಲ್ಲ ಅದರಲ್ಲೇ ಗೊತ್ತಾಗುತ್ತದೆ. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ 'ಯೂ'. ಈ ಅನುವಾದ ಇಂಗ್ಲಿಷಿನಿಂದ ಬಂದದ್ದೆಂದು ನೀವೇ ಬರೆದಿದ್ದೀರಿ. ಅಂದರೆ ಪಾತ್ರಗಳು ಬಾಯಿ ತೆರೆದಾಗಲೆಲ್ಲ ಅನುವಾದಕರು ಊಹಿಸಬೇಕಾಗಿತ್ತು. ನಿಮಗೆ ಅಷ್ಟು ಹಿಡಿಸಿದ ಅಜ್ಜಿಯ ಮಾತುಗಳಲ್ಲಿ ಆ ಊಹೆ ಸೊಗಸಾಗಿ ಕೂತಿದೆ, ಜಗಳದಲ್ಲಿ ಬಹುಶಃ ಕೂತಿಲ್ಲ. 'ಬಹುಶಃ' ಏಕೆಂದರೆ ಮೂಲದಲ್ಲಿ ಏನಿದೆಯೋ ನೀವು ನೋಡಿಲ್ಲ. ರಷ್ಯನ್ ಬಲ್ಲವರನ್ನು ಕೇಳಿ. ಅಲ್ಲೂ 'ನೀನು' ಎಂದೇ ಇದ್ದರೆ ಈ ಆಕ್ಷೇಪ ಬಿದ್ದುಹೋಗುತ್ತದೆ, ಅದನ್ನೂ ಬರೆಯಿರಿ.

ಇಷ್ಟನ್ನು ಬಿಡಿಸಿ ಹೇಳಿದರೆ ಅನುವಾದಕರು ಎಲ್ಲಿ ಎಡವಿದರು, ಎಂಥ ಭಾರ ಹೊತ್ತು ಎಡವಿದರು ಎಂಬುದೆರಡೂ ಓದುಗರಿಗೆ ಕಾಣುತ್ತದೆ. ಆರು 'ಅದ್ಭುತ'ಗಳಲ್ಲಿ ನನಗದು ಕಾಣಲಿಲ್ಲ. ತಪ್ಪಿಗೆ ಪುಟಸಂಖ್ಯೆ ಕೊಟ್ಟಿದ್ದೀರಿ, ಮೆಚ್ಚಿಗೆಗೂ ಕೊಡಿ. ಅಜ್ಜಿಯ ನಾಲ್ಕು ಸಾಲು ಉದ್ಧರಿಸಿ.

ಅಚ್ಚಿನ ತಪ್ಪುಗಳು ವಿಮರ್ಶೆಗೆ ಬೇಡ. ಪ್ರಕಾಶಕರಿಗೆ ಬರೆದು ಕಳಿಸಿದರೆ ಮರುಮುದ್ರಣಕ್ಕೆ ನೆರವಾದೀತು. ಅವರು ಬೇಸರಪಟ್ಟಾರು ಎಂಬ ಅಳುಕೇ? ಕಂಪ್ಯೂಟರ್ ವಿಜ್ಞಾನಿ ಡೊನಾಲ್ಡ್ ಕ್ನೂತ್ ತಮ್ಮ ಪುಸ್ತಕಗಳಲ್ಲಿ ತಪ್ಪು ಹುಡುಕಿಕೊಟ್ಟವರಿಗೆ ತಪ್ಪೊಂದಕ್ಕೆ 2.56 ಡಾಲರಿನ ಚೆಕ್ ಕಳಿಸುತ್ತಿದ್ದರು. ಎಷ್ಟೋ ಮಂದಿ ಅದನ್ನು ಬ್ಯಾಂಕಿಗೆ ಹಾಕದೆ ಚೌಕಟ್ಟು ಹಾಕಿಸಿಟ್ಟುಕೊಂಡರು. ನಮ್ಮ ಪ್ರಕಾಶಕರಿಂದಲೂ ಚೆಕ್ ಬರುತ್ತದೆಂದು ಭರವಸೆ ಕೊಡಲಾರೆ.

ಇನ್ನು ಆ 'ಇಷ್ಟಾದರೂ'. ಅದನ್ನು ಹೊಡೆದುಹಾಕಿ. ಇವರಿಂದ ಇದಕ್ಕಿಂತ ಹೆಚ್ಚೇನನ್ನೂ ನಿರೀಕ್ಷಿಸಿರಲಿಲ್ಲ ಎಂದು ಹೇಳಿದಂತಾಗುತ್ತದೆ. ವರ್ಷಗಟ್ಟಲೆ ಕೂತು ಅನುವಾದಿಸಿದವರಿಗೆ ಅಚ್ಚಿನ ತಪ್ಪಿಗಿಂತ ಹೆಚ್ಚು ಚುಚ್ಚುವ ಮಾತು ಅದು.

ಎರಡು ಪುಟಕ್ಕೆ ಇಳಿಸಿ, ಜಗಳದಿಂದಲೇ ಶುರುಮಾಡಿ ಕಳಿಸಿ. ಕಾಯುತ್ತಿರುತ್ತೇನೆ.

ಸಂಪಾದಕ