ಹೊಸ ಮೇಲ್ ತಂತ್ರಾಂಶದಲ್ಲಿ ಹಳೆಯ ಫೋಟೊಗಳು ಏಕೆ ಕಾಣುತ್ತಿಲ್ಲ?

ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ. ಹಲವು ವರ್ಷಗಳಿಂದ ಹಳೆಯ ಕಂಪ್ಯೂಟರಿನಲ್ಲಿ ವಿಂಡೋಸ್ ಲೈವ್ ಮೇಲ್ ಬಳಸುತ್ತಿದ್ದೆ. ಹೊರದೇಶದಲ್ಲಿರುವ ಮಗ ಕಳುಹಿಸಿದ ಮೊಮ್ಮಕ್ಕಳ ಫೋಟೊಗಳೆಲ್ಲ ಅದರಲ್ಲಿವೆ. ಈಗ ಹೊಸ ಕಂಪ್ಯೂಟರ್ ಬಂದಿದ್ದು, ಪರಿಚಯದ ಹುಡುಗನೊಬ್ಬ ಥಂಡರ್‌ಬರ್ಡ್ ಹಾಕಿ ಹಳೆಯ ಮೇಲ್‌ಗಳನ್ನೆಲ್ಲ ಅದಕ್ಕೆ ತುಂಬಿಸಿಕೊಟ್ಟಿದ್ದಾನೆ. ಬರಹವೆಲ್ಲ ಸರಿಯಾಗಿ ಬಂದಿದೆ. ಆದರೆ ಫೋಟೊಗಳು ಕೆಲವು ಮೇಲ್‌ಗಳಲ್ಲಿ ಕಾಣುತ್ತವೆ, ಕೆಲವದರಲ್ಲಿ ಬರೀ ಖಾಲಿ ಚೌಕ ಕಾಣುತ್ತದೆ, ಇನ್ನು ಕೆಲವದರಲ್ಲಿ ‘ವಿನ್‌ಮೇಲ್ ಡಾಟ್ ಡ್ಯಾಟ್’ ಎಂಬ ಹೆಸರಿನ, ತೆರೆಯಲು ಬಾರದ ಫೈಲ್ ಇದೆ. ಫೋಟೊಗಳು ಅಳಿಸಿಹೋದವೇ? ಹಳೆಯ ಕಂಪ್ಯೂಟರನ್ನು ಗುಜರಿಗೆ ಕೊಡಬಹುದೇ?
— ಓದುಗರು, ಶಿವಮೊಗ್ಗ

ಉತ್ತರ: ಹಳೆಯ ಕಂಪ್ಯೂಟರನ್ನು ದಯವಿಟ್ಟು ಈಗಲೇ ಯಾರಿಗೂ ಕೊಡಬೇಡಿ. ತಮ್ಮ ಹೆಚ್ಚಿನ ಫೋಟೊಗಳು ಅಳಿಸಿಹೋಗಿರಲಾರವು. ಆದರೆ ಒಂದೊಂದು ಮೇಲನ್ನೂ ನೋಡಿ ಖಚಿತಪಡಿಸಿಕೊಳ್ಳುವವರೆಗೆ ಆ ಯಂತ್ರ ತಮ್ಮ ಮನೆಯಲ್ಲೇ ಇರಬೇಕು. ವಿಂಡೋಸ್ ಲೈವ್ ಮೇಲ್‌ಗೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಬೆಂಬಲ 2017ರ ಜನವರಿ 10ಕ್ಕೇ ನಿಂತಿತು. ಹೀಗಾಗಿ ಅದನ್ನು ಬಿಟ್ಟು ಬೇರೆ ತಂತ್ರಾಂಶಕ್ಕೆ ಬಂದದ್ದು ಸರಿಯಾದ ನಿರ್ಧಾರವೇ.

ಮೇಲ್ ತೆರೆದಾಗ ಕಾಣುವ ಫೋಟೊಗಳೆಲ್ಲ ನಮಗೆ ಒಂದೇ ಬಗೆಯವಾಗಿ ತೋರುತ್ತವೆ. ವಾಸ್ತವದಲ್ಲಿ ಅವು ಇರುವ ಜಾಗಗಳು ಬೇರೆ ಬೇರೆ. ಕೆಲವು ಫೋಟೊಗಳು ಮೇಲ್‌ನ ಒಳಗೇ, ಬರಹದ ಜೊತೆಯಲ್ಲೇ ತುಂಬಿಕೊಂಡು ಬಂದಿರುತ್ತವೆ. ಇನ್ನು ಕೆಲವು ಮೇಲ್‌ನಲ್ಲಿ ಇರುವುದೇ ಇಲ್ಲ. ‘ಇಂಥ ವಿಳಾಸದಲ್ಲಿರುವ ಚಿತ್ರವನ್ನು ತಂದು ಇಲ್ಲಿ ತೋರಿಸು’ ಎಂಬ ಸೂಚನೆ ಮಾತ್ರ ಅಲ್ಲಿರುತ್ತದೆ, ಚಿತ್ರ ಮಾತ್ರ ಯಾವುದೋ ಕಂಪನಿಯ ಸರ್ವರಿನಲ್ಲಿರುತ್ತದೆ. ತಂತ್ರಾಂಶ ಬದಲಿಸಿದಾಗ ಈ ವ್ಯತ್ಯಾಸ ಮುಖ್ಯವಾಗುತ್ತದೆ. ಆದ್ದರಿಂದ ಸೆಟಿಂಗ್‌ಗಳನ್ನು ಮುಟ್ಟುವ ಮೊದಲು, ಕಾಣದ ಫೋಟೊ ಯಾವ ಜಾಗದ್ದು ಎಂದು ತಿಳಿದುಕೊಳ್ಳುವುದೇ ಮೊದಲ ಕೆಲಸ ಎಂಬುದು ನನ್ನ ಖಚಿತ ಅಭಿಪ್ರಾಯ. ಸಿಕ್ಕ ಸಿಕ್ಕ ಗುಂಡಿಗಳನ್ನು ಒತ್ತುತ್ತ ಹೋದರೆ ಯಾವುದರಿಂದ ಏನಾಯಿತೆಂದು ಕೊನೆಗೆ ತಿಳಿಯುವುದಿಲ್ಲ.

ಖಾಲಿ ಚೌಕವಿರುವ ಒಂದು ಮೇಲನ್ನು ತೆರೆದು ಅದರ ಮೇಲ್ಭಾಗವನ್ನು ನೋಡಿ. ಗೌಪ್ಯತೆಯ ಕಾರಣಕ್ಕಾಗಿ ರಿಮೋಟ್ ಕಂಟೆಂಟನ್ನು ತಡೆಹಿಡಿಯಲಾಗಿದೆ ಎಂಬ ಅರ್ಥದ ಪಟ್ಟಿಯೊಂದು ಅಲ್ಲಿದ್ದರೆ, ಫೋಟೊ ಹೊರಗಿನ ಸರ್ವರಿನದು ಎಂದಾಯಿತು. ಹೊರಗಿನ ಚಿತ್ರಗಳನ್ನು ತಾನಾಗಿ ತರಬಾರದೆಂಬುದು ಥಂಡರ್‌ಬರ್ಡ್‌ನ ಸಹಜ ನಿಯಮ. ಆ ಪಟ್ಟಿಯ ಬಲತುದಿಯ ಗುಂಡಿಯನ್ನು ಒತ್ತಿದರೆ, ಈ ಮೇಲ್‌ಗೆ ಮಾತ್ರ ಚಿತ್ರ ತೋರಿಸು ಎನ್ನುವ ಆಯ್ಕೆಯೂ, ಇಂಥವರಿಂದ ಬರುವ ಮೇಲ್‌ಗಳಿಗೆಲ್ಲ ತೋರಿಸು ಎನ್ನುವ ಆಯ್ಕೆಯೂ ಸಿಗುತ್ತವೆ. ಮಗನ ವಿಳಾಸಕ್ಕೆ ತಾವು ಧಾರಾಳವಾಗಿ ಎರಡನೆಯದನ್ನು ಆರಿಸಿಕೊಳ್ಳಬಹುದು.

ಆದರೆ ಸೆಟಿಂಗ್ಸ್‌ನ ‘ಪ್ರೈವೆಸಿ ಅಂಡ್ ಸೆಕ್ಯುರಿಟಿ’ ಭಾಗಕ್ಕೆ ಹೋಗಿ ಎಲ್ಲ ಮೇಲ್‌ಗಳಿಗೂ ಒಟ್ಟಿಗೇ ಅನುಮತಿ ಕೊಟ್ಟುಬಿಡಿ ಎಂದು ಯಾರಾದರೂ ಹೇಳಿದರೆ ದಯವಿಟ್ಟು ಒಪ್ಪಬೇಡಿ. ಜಾಹೀರಾತಿನ ಮೇಲ್ ಕಳುಹಿಸುವ ಅನೇಕರು ಅದರಲ್ಲಿ ಕಣ್ಣಿಗೆ ಕಾಣದ, ಒಂದೇ ಒಂದು ಚುಕ್ಕಿಯಷ್ಟಿರುವ ಚಿತ್ರವನ್ನು ಇಟ್ಟಿರುತ್ತಾರೆ. ಅದನ್ನು ತರಲು ತಮ್ಮ ಕಂಪ್ಯೂಟರ್ ಅವರ ಸರ್ವರನ್ನು ಸಂಪರ್ಕಿಸಿದ ಕ್ಷಣವೇ, ಈ ವಿಳಾಸದಲ್ಲಿ ಮೇಲ್ ಓದುವವರು ಇದ್ದಾರೆ, ಇಷ್ಟು ಹೊತ್ತಿಗೆ ಓದಿದರು ಎಂಬುದು ಅವರಿಗೆ ತಿಳಿದುಹೋಗುತ್ತದೆ. ವಂಚಕರಿಗೂ ಬೇಕಾದದ್ದು ಇಂಥದೇ ಮಾಹಿತಿ. ಜಿಮೇಲ್‌ನ ಜಾಲತಾಣದಲ್ಲಿ ಚಿತ್ರಗಳು ತಾವಾಗಿಯೇ ಕಾಣುವುದೇಕೆ ಎಂದು ತಾವು ಕೇಳಬಹುದು. ಅಲ್ಲಿ 2013ರ ಕೊನೆಯಿಂದ ಗೂಗಲ್ ತನ್ನದೇ ಸರ್ವರುಗಳ ಮೂಲಕ ಚಿತ್ರಗಳನ್ನು ತರಿಸಿ ತೋರಿಸುತ್ತಿದೆ. ಥಂಡರ್‌ಬರ್ಡ್ ತರುವುದು ತಮ್ಮ ಕಂಪ್ಯೂಟರಿನಿಂದ ನೇರವಾಗಿ.

ಅನುಮತಿ ಕೊಟ್ಟ ಮೇಲೂ ಚೌಕ ಖಾಲಿಯೇ ಉಳಿದರೆ, ಆ ಸರ್ವರಿನಲ್ಲಿ ಈಗ ಚಿತ್ರ ಇಲ್ಲವೆಂದೇ ತಿಳಿಯಬೇಕು. ಹಳೆಯ ಮೇಲ್‌ಗಳಲ್ಲಿ ಇದು ತೀರ ಸಾಮಾನ್ಯ. ಆ ಕಾಲದಲ್ಲಿ ಬಹಳ ಮಂದಿ ಪಿಕಾಸಾ ವೆಬ್ ಆಲ್ಬಮ್‌ನಲ್ಲಿ ಫೋಟೊ ಇಟ್ಟು ಅದರ ಕೊಂಡಿಯನ್ನು ಮೇಲ್‌ನಲ್ಲಿ ಕಳುಹಿಸುತ್ತಿದ್ದರು. ಆ ಸೇವೆಯನ್ನು ಗೂಗಲ್ 2016ರಲ್ಲಿ ನಿಲ್ಲಿಸಿತು. ಲೈವ್ ಮೇಲ್‌ನಲ್ಲಿಯೂ ದೊಡ್ಡ ಫೋಟೊಗಳನ್ನು ಮೈಕ್ರೋಸಾಫ್ಟ್‌ನ ಸ್ಕೈಡ್ರೈವ್‌ನಲ್ಲಿ ಇಟ್ಟು ಕಳುಹಿಸುವ ಸೌಲಭ್ಯವಿತ್ತು. ಅದೇ ಸ್ಕೈಡ್ರೈವ್ 2014ರಲ್ಲಿ ಒನ್‌ಡ್ರೈವ್ ಎಂಬ ಹೆಸರು ಪಡೆಯಿತು. ಇಂಥ ಫೋಟೊಗಳು ತಮ್ಮ ಹಳೆಯ ಕಂಪ್ಯೂಟರಿನಲ್ಲಿಯೂ ಇರುವ ಸಂಭವ ಕಡಿಮೆ. ತಮ್ಮ ಮಗನಿಗೆ ಹೇಳಿ, ಅವರ ಗೂಗಲ್ ಫೋಟೋಸ್ ಮತ್ತು ಒನ್‌ಡ್ರೈವ್ ಖಾತೆಗಳಲ್ಲಿ ಆ ವರ್ಷದ ಫೋಟೊಗಳನ್ನು ಹುಡುಕಿಸಿ. ಮೂಲ ಪ್ರತಿ ಕಳುಹಿಸಿದವರ ಬಳಿಯೇ ಸಿಗುವುದುಂಟು.

ಇನ್ನು, ತಡೆಹಿಡಿದ ಪಟ್ಟಿಯೇ ಇಲ್ಲದೆ ಖಾಲಿ ಚೌಕವಿದ್ದರೆ ಆಗ ಮೇಲ್‌ನ ಒಳಗನ್ನೇ ನೋಡಬೇಕಾಗುತ್ತದೆ. ಕಂಟ್ರೋಲ್ ಕೀ ಹಿಡಿದು ‘ಯು’ ಒತ್ತಿದರೆ ಮೇಲ್‌ನ ಮೂಲರೂಪ ತೆರೆದುಕೊಳ್ಳುತ್ತದೆ. ಮೊದಲ ನೋಟಕ್ಕೆ ಗಾಬರಿಯಾಗುವಂತಿದ್ದರೂ ಅದನ್ನು ನೋಡುವುದರಿಂದ ಏನೂ ಕೆಡುವುದಿಲ್ಲ. ಕೆಳಕ್ಕೆ ಸರಿಸುತ್ತ ಹೋಗಿ. ‘ಇಮೇಜ್/ಜೆಪೆಗ್’ ಎಂಬ ಸಾಲು, ಅದರ ಹತ್ತಿರ ‘ಬೇಸ್64’ ಎಂಬ ಪದ, ಅದರ ಕೆಳಗೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಪುಟಗಟ್ಟಲೆ ಒಂದೇ ಉದ್ದದ ಸಾಲುಗಳಲ್ಲಿ ಕಂಡರೆ ಸಂತೋಷಪಡಿ, ಏಕೆಂದರೆ ಆ ಅಕ್ಷರರಾಶಿಯೇ ತಮ್ಮ ಮೊಮ್ಮಕ್ಕಳ ಫೋಟೊ. ಮೇಲ್ ವ್ಯವಸ್ಥೆ ಮೊದಲಿಗೆ ಬರಹವನ್ನಷ್ಟೇ ಸಾಗಿಸಲು ರೂಪುಗೊಂಡದ್ದರಿಂದ ಚಿತ್ರವನ್ನು ಹೀಗೆ ಅಕ್ಷರಗಳಾಗಿ ಬದಲಿಸಿ ಕಳುಹಿಸುತ್ತಾರೆ. ಜೆಪೆಗ್ ಫೋಟೊ ಆಗಿದ್ದರೆ ಆ ರಾಶಿ ಒಂದು ಓರೆಗೆರೆ, 9, ‘ಜೆ’ ಅಕ್ಷರ, ಮತ್ತೊಂದು ಓರೆಗೆರೆ, ಈ ಕ್ರಮದಲ್ಲೇ ಆರಂಭವಾಗುತ್ತದೆ. ಅದನ್ನು ಗುರುತಿಸುವುದು ಸುಲಭ.

ಅಕ್ಷರರಾಶಿ ಇದ್ದೂ ಫೋಟೊ ಕಾಣದಿದ್ದರೆ ಅದು ತೋರಿಸುವ ರೀತಿಯ ತೊಂದರೆ ಮಾತ್ರ. ‘ವ್ಯೂ’ ಮೆನುವಿನಲ್ಲಿ ‘ಮೆಸೇಜ್ ಬಾಡಿ ಆ್ಯಸ್’ ಎಂಬಲ್ಲಿ ‘ಪ್ಲೇನ್ ಟೆಕ್ಸ್ಟ್’ ಆಯ್ಕೆಯಾಗಿದ್ದರೆ ಅದನ್ನು ‘ಒರಿಜಿನಲ್ ಎಚ್‌ಟಿಎಂಎಲ್’ ಎಂದು ಬದಲಿಸಿ. ಅದೇ ಮೆನುವಿನಲ್ಲಿರುವ ‘ಡಿಸ್‌ಪ್ಲೇ ಅಟ್ಯಾಚ್‌ಮೆಂಟ್ಸ್ ಇನ್‌ಲೈನ್’ ಎಂಬುದಕ್ಕೂ ಗುರುತು ಹಾಕಿ. ಅಕ್ಷರರಾಶಿಯೇ ಇಲ್ಲದೆ, ಚಿತ್ರವನ್ನು ಹೆಸರಿಸುವ ‘ಸಿಐಡಿ’ ಎಂಬ ಸೂಚನೆ ಮಾತ್ರ ಬರಹದ ನಡುವೆ ಉಳಿದಿದ್ದರೆ, ಮೇಲ್‌ಗಳನ್ನು ವರ್ಗಾಯಿಸುವಾಗ ಚಿತ್ರದ ಭಾಗ ಕಳಚಿಕೊಂಡಿದೆ ಎಂದರ್ಥ. ಹಳೆಯ ಕಂಪ್ಯೂಟರ್ ಬೇಕಾಗುವುದು ಇಲ್ಲಿ. ಲೈವ್ ಮೇಲ್ ಒಂದೊಂದು ಮೇಲನ್ನೂ ‘ಇಎಂಎಲ್’ ಎಂಬ ಬಾಲವಿರುವ ಪ್ರತ್ಯೇಕ ಫೈಲಾಗಿ ಉಳಿಸಿರುತ್ತದೆ, ಚಿತ್ರವೂ ಆ ಫೈಲಿನಲ್ಲಿಯೇ ಇರುತ್ತದೆ. ಆ ಫೈಲುಗಳಿರುವ ಫೋಲ್ಡರನ್ನು ಹಾಗೆಯೇ ಪೆನ್‌ಡ್ರೈವ್‌ಗೆ ನಕಲು ಮಾಡಿಸಿ, ನಡುವೆ ಬೇರೆ ಪರಿವರ್ತಕ ತಂತ್ರಾಂಶವಿಲ್ಲದೆ ‘ಇಂಪೋರ್ಟ್ ಎಕ್ಸ್‌ಪೋರ್ಟ್ ಟೂಲ್ಸ್ ಎನ್‌ಜಿ’ ಎಂಬ ಆಡ್-ಆನ್ ಮೂಲಕ ಥಂಡರ್‌ಬರ್ಡ್‌ಗೆ ತರಿಸಿಕೊಳ್ಳಿ.

‘ವಿನ್‌ಮೇಲ್ ಡಾಟ್ ಡ್ಯಾಟ್’ ಎಂಬುದು ಕಳುಹಿಸಿದವರ ಕಡೆಯಿಂದ ಆದದ್ದು. ಔಟ್‌ಲುಕ್‌ನಲ್ಲಿ ‘ರಿಚ್ ಟೆಕ್ಸ್ಟ್’ ಎಂಬ ಬಗೆಯಲ್ಲಿ ಮೇಲ್ ಬರೆದರೆ ಅದು ಫೋಟೊಗಳನ್ನೆಲ್ಲ ಮೈಕ್ರೋಸಾಫ್ಟ್‌ನದೇ ಆದ ರೂಪದಲ್ಲಿ ಒಂದೇ ಗಂಟಾಗಿ ಕಟ್ಟಿ ಕಳುಹಿಸುತ್ತದೆ. ಇತರ ಹಲವು ತಂತ್ರಾಂಶಗಳಿಗೆ ಆ ಗಂಟನ್ನು ಬಿಚ್ಚಲು ಬರುವುದಿಲ್ಲ. ಫೋಟೊಗಳು ಅದರೊಳಗೆ ಭದ್ರವಾಗಿರುತ್ತವೆ. ಅದನ್ನು ಬಿಚ್ಚುವ ಉಚಿತ ತಂತ್ರಾಂಶಗಳು ದೊರೆಯುತ್ತವೆ. ಆದರೆ ಫೈಲನ್ನು ಯಾವುದೋ ಅಪರಿಚಿತ ಜಾಲತಾಣಕ್ಕೆ ಏರಿಸಿ ಬಿಚ್ಚಿಸಿಕೊಳ್ಳಬೇಡಿ, ಅದರಲ್ಲಿರುವುದು ಮನೆಯ ಮಕ್ಕಳ ಫೋಟೊ ಎಂಬುದು ನೆನಪಿರಲಿ. ಕಳುಹಿಸಿದವರು ಈಗಲೂ ಸಂಪರ್ಕದಲ್ಲಿದ್ದರೆ, ಅದೇ ಮೇಲನ್ನು ಎಚ್‌ಟಿಎಂಎಲ್ ಬಗೆಗೆ ಬದಲಿಸಿ ಮತ್ತೊಮ್ಮೆ ಕಳುಹಿಸಲು ಕೋರುವುದೇ ಸುಲಭದ ದಾರಿ.

ಪ್ರಶ್ನೆ: ಹುಬ್ಬಳ್ಳಿಯಲ್ಲಿ ನಮ್ಮದೊಂದು ಸಣ್ಣ ಮುದ್ರಣಾಲಯವಿದೆ. ಔಟ್‌ಲುಕ್ ಬಿಟ್ಟು ಥಂಡರ್‌ಬರ್ಡ್‌ಗೆ ಬಂದ ಮೇಲೆ, ಮೇಲ್‌ನ ಕೊನೆಯಲ್ಲಿ ಸಹಿಯೊಂದಿಗೆ ಬರುವ ನಮ್ಮ ಲೋಗೊ ನಮಗೆ ಸರಿಯಾಗಿ ಕಾಣುತ್ತದೆ, ಗ್ರಾಹಕರಿಗೆ ಮಾತ್ರ ಒಡೆದ ಚಿತ್ರದ ಗುರುತು ಕಾಣುತ್ತದಂತೆ. ಇದೇಕೆ?
— ಓದುಗರು, ಹುಬ್ಬಳ್ಳಿ

ಉತ್ತರ: ತಾವು ಕೊಟ್ಟ ವಿವರದಲ್ಲಿಯೇ ಕಾರಣದ ಸುಳಿವಿದೆ. ಲೋಗೊ ಮೇಲ್‌ನೊಂದಿಗೆ ಹೋಗುತ್ತಿಲ್ಲ. ‘ಈ ಕಂಪ್ಯೂಟರಿನ ಇಂಥ ಫೋಲ್ಡರಿನಲ್ಲಿದೆ’ ಎಂಬ ದಾರಿ ಮಾತ್ರ ಹೋಗುತ್ತಿದೆ. ತಮ್ಮ ಕಂಪ್ಯೂಟರಿನಲ್ಲಿ ಆ ಫೋಲ್ಡರ್ ಇರುವುದರಿಂದ ತಮಗೆ ಕಾಣುತ್ತದೆ, ಗ್ರಾಹಕರ ಕಂಪ್ಯೂಟರಿನಲ್ಲಿ ಇಲ್ಲದ್ದರಿಂದ ಅವರಿಗೆ ಕಾಣುವುದಿಲ್ಲ. ಕಳುಹಿಸಿದ ಮೇಲ್‌ನ ಮೂಲರೂಪ ತೆರೆದು ನೋಡಿ. ಚಿತ್ರದ ಜಾಗದಲ್ಲಿ ‘ಫೈಲ್’ ಎಂಬ ಪದವೂ ಅದರ ಮುಂದೆ ಮೂರು ಓರೆಗೆರೆಗಳೂ ಇದ್ದರೆ ಇದೇ ತೊಂದರೆ.

ಔಟ್‌ಲುಕ್ ಸಹಿಯನ್ನು ಒಂದು ಎಚ್‌ಟಿಎಂ ಫೈಲಾಗಿಯೂ, ಅದರ ಚಿತ್ರಗಳನ್ನು ಪಕ್ಕದ ಬೇರೆ ಫೋಲ್ಡರಿನಲ್ಲಿಯೂ ಇಡುತ್ತದೆ. ಆ ಫೈಲನ್ನು ಥಂಡರ್‌ಬರ್ಡ್‌ಗೆ ಹೊಂದಿಸುವ ಪ್ರಯತ್ನಕ್ಕಿಂತ ಸಹಿಯನ್ನು ಹೊಸದಾಗಿ ಮಾಡಿಕೊಳ್ಳುವುದೇ ಮೇಲು. ಮೊದಲು ಲೋಗೊ ಒಂದನ್ನೇ ಪರೀಕ್ಷಿಸಿ: ಹೊಸ ಮೇಲ್ ಬರೆಯುವ ಕಿಟಕಿಯಲ್ಲಿ ‘ಇನ್‌ಸರ್ಟ್’ ಮೆನುವಿನಿಂದ ಚಿತ್ರವನ್ನು ಸೇರಿಸುವಾಗ ‘ಅಟ್ಯಾಚ್ ದಿಸ್ ಇಮೇಜ್ ಟು ದ ಮೆಸೇಜ್’ ಎಂಬ ಸಾಲಿನ ಮುಂದಿನ ಚೌಕದಲ್ಲಿ ಗುರುತಿರಬೇಕು. ಅದಿಲ್ಲದಿದ್ದರೆ ಮೇಲೆ ಹೇಳಿದ ಸಮಸ್ಯೆಯೇ ಮರುಕಳಿಸುತ್ತದೆ.

ಲೋಗೊವನ್ನು ಮುದ್ರಣಾಲಯದ ಜಾಲತಾಣದಲ್ಲಿಟ್ಟು ಅಲ್ಲಿಂದ ತೋರಿಸುವಂತೆ ಮಾಡುವವರೂ ಇದ್ದಾರೆ. ನಾನು ಅದನ್ನು ಸೂಚಿಸುವುದಿಲ್ಲ. ಹೊರಗಿನ ಚಿತ್ರಗಳನ್ನು ತಡೆಯುವ ತಂತ್ರಾಂಶವುಳ್ಳ ಗ್ರಾಹಕರಿಗೆ ಮತ್ತೆ ಖಾಲಿ ಚೌಕವೇ ಕಾಣುತ್ತದೆ. ಮುದ್ರಣಕ್ಕೆಂದು ಮಾಡಿದ ಭಾರಿ ಗಾತ್ರದ ಲೋಗೊವನ್ನೂ ಬಳಸಬೇಡಿ. ಮೇಲ್‌ನಲ್ಲಿ ಸಾಗುವಾಗ ಚಿತ್ರದ ಗಾತ್ರ ಮೂರನೇ ಒಂದು ಭಾಗದಷ್ಟು ಹಿಗ್ಗುತ್ತದೆ, ಅದೂ ಪ್ರತಿ ಮೇಲ್‌ನಲ್ಲಿ. ಸರಿಯಾಯಿತೇ ಎಂದು ನೋಡಲು ಮೇಲನ್ನು ಬೇರೊಬ್ಬರ ಫೋನಿಗೆ ಕಳುಹಿಸಿ ಪರೀಕ್ಷಿಸಿ. ತಮ್ಮದೇ ಕಂಪ್ಯೂಟರಿನಲ್ಲಿ ನೋಡಿದರೆ ಅದು ಯಾವಾಗಲೂ ಸರಿಯಾಗಿಯೇ ಕಾಣುತ್ತದೆ.

ಪ್ರಶ್ನೆ: ಮಗಳು ಐಫೋನಿನಿಂದ ಕಳುಹಿಸುವ ಫೋಟೊಗಳು ನನ್ನ ವಿಂಡೋಸ್ ಕಂಪ್ಯೂಟರಿನ ಹೊಸ ಮೇಲ್ ತಂತ್ರಾಂಶದಲ್ಲಿ ಹೆಸರಾಗಿ ಮಾತ್ರ ಕಾಣುತ್ತವೆ. ಹೆಸರಿನ ಕೊನೆಯಲ್ಲಿ ‘ಎಚ್‌ಇಐಸಿ’ ಎಂದಿದೆ.
— ಓದುಗರು, ಮಂಗಳೂರು

ಉತ್ತರ: ಇದು ಮೇಲ್ ತಂತ್ರಾಂಶದ ದೋಷವಲ್ಲ. 2017ರಲ್ಲಿ ಐಒಎಸ್ 11 ಬಂದಾಗಿನಿಂದ ಐಫೋನುಗಳು ಜಾಗ ಉಳಿಸುವ ಸಲುವಾಗಿ ಫೋಟೊಗಳನ್ನು ಎಚ್‌ಇಐಸಿ ರೂಪದಲ್ಲಿ ಉಳಿಸುತ್ತಿವೆ. ಎಲ್ಲ ತಂತ್ರಾಂಶಗಳೂ ಅದನ್ನು ತೋರಿಸಲಾರವು. ಬಂದಿರುವ ಫೋಟೊಗಳನ್ನು ಕಂಪ್ಯೂಟರಿಗೆ ಉಳಿಸಿಕೊಂಡು, ಮೈಕ್ರೋಸಾಫ್ಟ್ ಸ್ಟೋರ್‌ನಲ್ಲಿ ಸಿಗುವ ‘ಎಚ್‌ಇಐಎಫ್ ಇಮೇಜ್ ಎಕ್ಸ್‌ಟೆನ್ಷನ್ಸ್’ ಹಾಕಿಕೊಂಡ ಮೇಲೆ ವಿಂಡೋಸ್‌ನ ‘ಫೋಟೋಸ್’ನಲ್ಲಿ ತೆರೆದು ನೋಡಿ. ಮುಂದೆ ತೆಗೆಯುವ ಫೋಟೊಗಳಿಗಾಗಿ ತಮ್ಮ ಮಗಳು ಫೋನಿನ ಸೆಟಿಂಗ್ಸ್‌ನಲ್ಲಿ ‘ಕ್ಯಾಮೆರಾ’, ಅದರೊಳಗೆ ‘ಫಾರ್ಮ್ಯಾಟ್ಸ್’, ಅಲ್ಲಿ ‘ಮೋಸ್ಟ್ ಕಂಪ್ಯಾಟಿಬಲ್’ ಎಂಬುದನ್ನು ಆರಿಸಿದರೆ ಅವು ಜೆಪೆಗ್ ರೂಪದಲ್ಲಿಯೇ ಬರುತ್ತವೆ.